ಬಟ್ಟಲು ತುಂಬ ಉಪ್ಪು

ನಮ್ಮೂರಿನಲ್ಲಿ ಊಟದ ಮುಂದೆ ಯಾರಾದರೂ ಸುಳ್ಳು ಹೇಳಿದರೆ ಆ ಅಡುಗೆಯಲ್ಲಿರುವ ಉಪ್ಪು ಹೊರಟುಹೋಗುತ್ತದೆ. ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನನ್ನ ಅಜ್ಜ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಇಬ್ಬರೂ ಪೇಟೆಯ ಮೂಲೆಯಲ್ಲಿ ಉಪ್ಪಿನ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿ ಬಾಳಿ ಹೋದರು. ಈಗ ಆ ಅಂಗಡಿಯಲ್ಲಿ ಕೂತಿರುವವನು ನಾನು, ಚೌರಪ್ಪ. ಬೇರೆ ಊರುಗಳಲ್ಲಿ ಬೇಳೆ, ಬೆಲ್ಲ, ಸೋಪು ಎಂದು ಹತ್ತಾರು ಸಾಮಾನು ಇಟ್ಟುಕೊಂಡರೂ ಅಂಗಡಿ ನಡೆಸುವುದು ಕಷ್ಟವಂತೆ. ನನಗೆ ಉಪ್ಪೊಂದೇ ಸಾಕಾಗಿದೆ. ನಮ್ಮೂರ ಜನ ಅಷ್ಟು ಮರ್ಯಾದಸ್ಥರು.

ಊರಿನವರು ಇದಕ್ಕೆ ಹೊಂದಿಕೊಂಡು ಯಾವುದೋ ಕಾಲವಾಯಿತು. ಗಂಡಸರ ಜೇಬಿನಲ್ಲಿ ಪುಟ್ಟ ಡಬ್ಬಿ, ಹೆಂಗಸರ ಸೆರಗಿನ ತುದಿಯಲ್ಲಿ ಗಂಟು. ಡಬ್ಬಿಯಲ್ಲಿರುವ ಉಪ್ಪಿಗೆ ಯಾವ ಸುಳ್ಳೂ ತಟ್ಟುವುದಿಲ್ಲ. ಅಡುಗೆಗೆ ಬಿದ್ದ ಮೇಲೆ ಅದರ ಹಣೆಬರಹ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಹಿಡಿದು ‘ನಮ್ಮ ಹುಡುಗನಿಗೆ ಒಂದೇ ಒಂದು ಚಟ ಇಲ್ಲ’ ಅನ್ನುತ್ತಾರೆ, ಹೆಣ್ಣಿನ ಕಡೆಯವರು ‘ನಮ್ಮ ಹುಡುಗಿ ಎದುರು ಮಾತಾಡಿದವಳೇ ಅಲ್ಲ’ ಅನ್ನುತ್ತಾರೆ, ಇಬ್ಬರೂ ಡಬ್ಬಿ ತೆಗೆದು ಉದುರಿಸಿಕೊಂಡು ತಿನ್ನುತ್ತಾರೆ, ಮದುವೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಯಾರ ಮುಖವನ್ನೂ ನೋಡಬಾರದು. ಅದು ನಮ್ಮಲ್ಲಿ ದೊಡ್ಡ ಸಂಸ್ಕಾರ. ಸಭೆ ಸಮಾರಂಭಗಳಲ್ಲಂತೂ ರುಚಿ ನೋಡಿ ಉಪ್ಪು ಹಾಕಿಕೊಳ್ಳುವ ಪದ್ಧತಿಯೇ ಇಲ್ಲ. ಭಾಷಣ ಮುಗಿಯಿತೋ, ಎಲ್ಲರ ಕೈಯೂ ಒಟ್ಟಿಗೆ ಜೇಬಿಗೆ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಉಪ್ಪಿಗೆ ಏನೂ ಆಗುವುದಿಲ್ಲ. ಹಾಗಾಗಿ ಮನೆಗಳಲ್ಲಿ ಜನ ಮಾತಿಲ್ಲದೆ ಉಣ್ಣುತ್ತಾರೆ.

ನಿಜವನ್ನೇ ಹೇಳುವವರು ಯಾರೂ ಇಲ್ಲವೆಂದಲ್ಲ. ನಮ್ಮ ಚರ್ಚು ಬೀದಿಯ ಮಿಕ್ಕೇಲಪ್ಪ ಮೇಷ್ಟ್ರು ಇದ್ದಾರೆ. ಮದುವೆ ಮಂಟಪದಲ್ಲಿ ನಿಂತು ಮದುಮಗಳಿಗೆ ‘ನಿನ್ನ ಗಂಡ ಕುಳ್ಳ’ ಎಂದು ತಿಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಸಿಕ್ಕ ಮುಸಲ್ಮಾನರನ್ನು ತಡೆದು, ಅವರ ಧರ್ಮದಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಬಸ್ಸು ಬರುವವರೆಗೂ ವಿವರಿಸುತ್ತಾರೆ. ಮೇಷ್ಟ್ರ ಮನೆಯ ಸಾರಿನಲ್ಲಿ ಒಂದು ಹರಳು ಉಪ್ಪು ಕಡಿಮೆಯಾದದ್ದಿಲ್ಲ. ಆದರೆ ಆ ಸಾರನ್ನು ಉಣ್ಣುವುದಕ್ಕೆ ಅವರ ಹೆಂಡತಿಯೇ ಅಲ್ಲಿಲ್ಲ, ತವರಿಗೆ ಹೋಗಿ ಕೂತಿದ್ದಾರೆ.

ನಮ್ಮ ಚರ್ಚು ಬೀದಿಗೂ ಹಿಂದಿನ ಮಸೀದಿ ಬೀದಿಗೂ ನಡುವೆ ಇರುವುದು ಹಿತ್ತಲುಗಳು, ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆ. ನಾವು ಕ್ರೈಸ್ತರು, ಅವರು ಮುಸಲ್ಮಾನರು, ನಮ್ಮಿಬ್ಬರ ನಡುವಿನ ಸಂಬಂಧ ಬಲು ಸೊಗಸು. ವರ್ಷಕ್ಕೊಮ್ಮೆ ಪುರಭವನದಲ್ಲಿ ಸೌಹಾರ್ದ ಭೋಜನ. ಎಲೆಗೆ ಬಿರಿಯಾನಿ ಬಡಿಸಿಟ್ಟು ಭಾಷಣ ಶುರುವಾಗುತ್ತದೆ. ನಮ್ಮ ಫಾದರ್ ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಅಂದಾಗ ಅರ್ಧ ಉಪ್ಪು ಹೋಗುತ್ತದೆ. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ವಹೀದ್ ಸಾಹೇಬರು ‘ನಮ್ಮಲ್ಲಿ ಭೇದವೆಂಬುದೇ ಇಲ್ಲ’ ಅಂದಾಗ ಉಳಿದರ್ಧವೂ ಹೋಗುತ್ತದೆ. ಆಮೇಲೆ ಸಾಹೇಬರು ತಮ್ಮ ಬೆಳ್ಳಿಯ ಡಬ್ಬಿಯನ್ನು ಫಾದರ್ ಕಡೆಗೆ ಸರಿಸುತ್ತಾರೆ, ಫಾದರ್ ತಮ್ಮ ಪ್ಲಾಸ್ಟಿಕ್ ಡಬ್ಬಿಯನ್ನು ಸಾಹೇಬರ ಕಡೆಗೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ಒಂದು ದಿನದ ವ್ಯಾಪಾರದಿಂದ ನನ್ನ ಮನೆಯ ಹೆಂಚು ಹೊಸದಾಗಿದೆ.

ಈ ಊರಿನಲ್ಲಿ ಡಬ್ಬಿಯ ಹಂಗಿಲ್ಲದೆ ಗೋಡೆ ದಾಟುತ್ತಿದ್ದದ್ದು ಎರಡೇ ಬಟ್ಟಲು. ಒಂದು ನನ್ನ ಅತ್ತಿಗೆ ಲೂರ್ದಮ್ಮನವರದ್ದು, ಇನ್ನೊಂದು ಗೋಡೆಯಾಚೆಯ ಜೈತೂನ್‌ಬಿಯವರದ್ದು. ಅತ್ತಿಗೆಯ ಅಡುಗೆಮನೆಯಲ್ಲಿ ನೀಲಿ ಅಂಚಿನ ಪಿಂಗಾಣಿ ಬಟ್ಟಲೊಂದು ಬೇರೆಯಾಗಿಯೇ ಇರುತ್ತಿತ್ತು. ನಮ್ಮಲ್ಲಿ ಕ್ರಿಸ್‌ಮಸ್ಸಿಗೆ ಹಂದಿ ಮಾಡುತ್ತೇವೆ. ಆ ಬಟ್ಟಲಿಗೆ ಮಾತ್ರ ಅದರ ಸೋಂಕೂ ತಾಗಿದ್ದಿಲ್ಲ. ಜೈತೂನ್‌ಬಿಗೆ ಕೊಡುವ ದಿನ ಕುರಿಮಾಂಸವನ್ನೂ ಮಸೀದಿ ಬೀದಿಯ ಅಂಗಡಿಯಿಂದಲೇ ತರಿಸುತ್ತಿದ್ದರು. ಅವರೂ ಅಷ್ಟೆ. ನಾವು ಮಾಂಸ ಮುಟ್ಟದ ತಪಸ್ಸುಕಾಲದ ಶುಕ್ರವಾರಗಳಲ್ಲಿ ಗೋಡೆಯ ಮೇಲೆ ಬರುತ್ತಿದ್ದ ದಾಲ್ಚಾ ಎಂಬ ಬೇಳೆಸಾರಿನಲ್ಲಿ ಮಾಂಸದ ಚೂರಿರುತ್ತಿರಲಿಲ್ಲ, ಸೋರೆಕಾಯಿ ಇರುತ್ತಿತ್ತು. ಬಟ್ಟಲು ಯಾವ ಕಡೆಗೂ ಖಾಲಿ ವಾಪಸಾಗಬಾರದು ಎಂಬುದು ಅವರಿಬ್ಬರ ಕರಾರು.

ಪ್ರೀತಿ ಎಂದರೆ ನೀವು ಸಿಹಿ ಮಾತು ಎಂದುಕೊಂಡಿದ್ದರೆ ಅವರಿಬ್ಬರನ್ನು ಕೇಳಬೇಕಿತ್ತು. ‘ಲೂರ್ದಮ್ಮಾ, ನಿನ್ನ ಮೊನ್ನೆಯ ಸಾರು ಪಾತ್ರೆ ತೊಳೆದ ನೀರಿನ ಹಾಗಿತ್ತು.’ ‘ನಿನ್ನ ರೊಟ್ಟಿ ಏನು ಕಮ್ಮಿ, ಜೈತೂನಾ? ನಮ್ಮ ಯಜಮಾನ್ರು ಚಪ್ಪಲಿಗೆ ಅಟ್ಟೆ ಹಾಕಿಸ್ಬೋದು ಅಂದ್ರು.’ ದೇವರ ವಿಷಯಕ್ಕೂ ಅವರಿಗೆ ದಾಕ್ಷಿಣ್ಯವಿರಲಿಲ್ಲ. ‘ಅಲ್ವೇ, ದೇವರಿಗೆ ಮಗ ಅಂದ್ರೆ ಹೇಗೆ? ನನಗೆ ಇವತ್ತಿಗೂ ತಲೆಗೆ ಹತ್ತಲ್ಲ,’ ಅನ್ನುತ್ತಿದ್ದರು ಜೈತೂನ್‌ಬಿ. ‘ನಿನ್ನ ತಲೆಗೆ ಹತ್ಲಿ ಅಂತಲೇ ರಾತ್ರಿಯೆಲ್ಲ ಜಪಸರ ಮಾಡ್ದೆ. ನೀನು ನರಕಕ್ಕೆ ಹೋದ್ರೆ ನನಗೆ ಸ್ವರ್ಗದಲ್ಲಿ ಮಾತಿಗೆ ಯಾರು?’ ಅನ್ನುತ್ತಿದ್ದರು ಅತ್ತಿಗೆ. ‘ನಾನೂ ನಿನಗೋಸ್ಕರ ದುವಾ ಕೇಳ್ದೆ, ತಿಳ್ಕೋ.’ ‘ಹಾಗಾದ್ರೆ ಯಾರದ್ದು ಮೊದಲು ಮುಟ್ಟುತ್ತೋ ನೋಡೋಣ ಬಿಡು.’ ಆಮೇಲೆ ಬಟ್ಟಲು ಗೋಡೆ ದಾಟುತ್ತಿತ್ತು, ಉಪ್ಪು ಹದವಾಗಿರುತ್ತಿತ್ತು. ನನ್ನ ಅಂಗಡಿಗೆ ಆ ಎರಡು ಮನೆಗಳಿಂದ ಕವಡೆಯ ಲಾಭವಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಅಂಥ ಹೊತ್ತಿನಲ್ಲಿ ನಮ್ಮ ಚರ್ಚಿಗೆ ಫಾದರ್ ಆರೋಗ್ಯರಾಜ್ ಬಂದರು. ಎಳೆಯ ವಯಸ್ಸು, ಒಳ್ಳೆಯ ಮನಸ್ಸು, ದೊಡ್ಡ ದನಿ. ಬೇರೆ ಊರಿನವರಾದ್ದರಿಂದ ನಮ್ಮೂರ ಊಟ ಯಾವಾಗಲೂ ಸಪ್ಪೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಜನರಿಗೆ ರಕ್ತದೊತ್ತಡ ಇರಬೇಕೆಂದು ಮರುಗುತ್ತಿದ್ದರು. ಬಂದ ಮೊದಲ ತಿಂಗಳನ್ನೇ ಅವರು ನೆರೆಪ್ರೀತಿ ಮಾಸ ಎಂದು ಘೋಷಿಸಿದರು. ಪ್ರತಿಯೊಂದು ಕ್ರೈಸ್ತ ಮನೆಯೂ ಒಂದು ಮುಸಲ್ಮಾನ ಮನೆಯನ್ನು ಪ್ರೀತಿಸಬೇಕು. ಅದಕ್ಕೆ ಭಾನುವಾರ ಪೂಜೆಯ ನಂತರ ತರಬೇತಿ. ಧರ್ಮದ ಮಾತು ಎತ್ತಬಾರದು, ಊಟದ ಬಗ್ಗೆ ಟೀಕೆ ಮಾಡಬಾರದು, ಹಂದಿ ಎಂಬ ಶಬ್ದವನ್ನು ಉಚ್ಚರಿಸಲೇಬಾರದು, ‘ನಿಮ್ಮ ಹಬ್ಬವೇ ನಮ್ಮ ಹಬ್ಬ’ ಎಂದು ಮುಗುಳ್ನಗಬೇಕು. ಮುಗುಳ್ನಗೆಯನ್ನೂ ಫಾದರ್ ಮಾಡಿ ತೋರಿಸಿದರು. ಅತ್ತಿಗೆ ಮುಂದಿನ ಬೆಂಚಿನಲ್ಲಿ ಕೂತು ಕಲಿತರು. ಇಷ್ಟು ವರ್ಷ ತಾನು ಜೈತೂನ್‌ಬಿಯನ್ನು ತಪ್ಪು ತಪ್ಪಾಗಿ ಪ್ರೀತಿಸಿದ್ದೆನೇನೋ ಎಂದು ಅವರಿಗೆ ಅಂದು ಮೊದಲ ಸಲ ಅನುಮಾನ ಹುಟ್ಟಿತು.

ಅದೇ ವಾರ ಜೈತೂನ್‌ಬಿ ಗೋಡೆಯ ಹತ್ತಿರ ಬಂದು ನಿಂತರು. ಅವರ ಮಗಳು ರೈಹಾನಾ ಬಸುರಿ. ಗಂಡ ಲಾರಿ ರಿಪೇರಿ ಮಾಡುವವನು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರ ಸಂಸಾರ. ಬೆಳಗಿನಿಂದ ಸಂಜೆಯವರೆಗೆ ನೆಲ ನಡುಗುತ್ತದೆ, ಹತ್ತಿ ಇಳಿಯಲು ಮರದ ಏಣಿಯೇ ಗತಿ. ಅತ್ತಿಗೆಯ ಹಿತ್ತಲಲ್ಲಿ ಎರಡು ಕೋಣೆಯ ಮನೆಯೊಂದಿತ್ತು, ಬಾಡಿಗೆಯವರು ಬಿಟ್ಟುಹೋಗಿ ಖಾಲಿ ಬಿದ್ದಿತ್ತು. ‘ಲೂರ್ದಮ್ಮಾ, ಆ ಮನೆ ನನ್ನ ಮಗಳಿಗೆ ಕೊಡು. ಬಾಣಂತನಕ್ಕೆ ಕೂಗಿದ್ರೆ ನನಗೆ ಕೇಳಿಸ್ಬೇಕು. ಎಲ್ಲರ ಹಾಗೆ ಬಾಡಿಗೆ ಕೊಡ್ತಾನೆ ಅಳಿಯ,’ ಅಂದರು. ಕೇಳುವುದಕ್ಕೆ ಅವರಿಗೆ ಸಂಕೋಚವೇ ಇರಲಿಲ್ಲ. ಯಾಕಿರಬೇಕು? ‘ಯಜಮಾನ್ರನ್ನ ಕೇಳಿ ಹೇಳ್ತೀನಿ,’ ಅಂದರು ಅತ್ತಿಗೆ.

ಯಜಮಾನ ಎಂದರೆ ನನ್ನ ಅಣ್ಣ ಇನ್ನಾಸಪ್ಪ, ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ. ಹೌದು ಅನ್ನಲೂ ಧೈರ್ಯವಿಲ್ಲ, ಇಲ್ಲ ಅನ್ನಲೂ ಧೈರ್ಯವಿಲ್ಲ. ವಿಷಯವನ್ನು ಸಮಿತಿಯ ಮುಂದಿಟ್ಟ. ಇಂಥ ಲೌಕಿಕ ಸಂಗತಿಗೆ ಫಾದರನ್ನು ಯಾಕೆ ಎಳೆಯಬೇಕೆಂದು ಅವರನ್ನು ಕರೆಯಲಿಲ್ಲ. ನಮ್ಮ ಸಮಿತಿಯ ಸಭೆಗೆ ಟೀ ಮಾತ್ರ ಕೊಡುತ್ತಾರೆ, ಉಪ್ಪು ಹಾಕಿದ ಏನನ್ನೂ ಇಡುವುದಿಲ್ಲ; ಹಿರಿಯರು ಯೋಚನೆ ಮಾಡಿಯೇ ಈ ಪದ್ಧತಿ ಇಟ್ಟಿದ್ದಾರೆ. ಎಲ್ಲರೂ ಮುಸಲ್ಮಾನರನ್ನು ಎಷ್ಟು ಪ್ರೀತಿಸುತ್ತೇವೆಂದು ಒಬ್ಬೊಬ್ಬರಾಗಿ ಹೇಳಿದರು. ಆದರೆ ಇಂದು ಒಂದು ಮನೆ, ನಾಳೆ ಬೀದಿಯೆಲ್ಲ ಅವರದೇ, ನಮ್ಮ ಮಕ್ಕಳು ಗಂಟೆ ಕೇಳಿ ಏಳುತ್ತಾರೋ ಬಾಂಗು ಕೇಳಿ ಏಳುತ್ತಾರೋ ಎಂದು ಯಾರೋ ಅಂದರು. ಮೂವತ್ತು ವರ್ಷದಿಂದ ನಾವೆಲ್ಲ ಬಾಂಗು ಕೇಳಿಯೇ ಏಳುತ್ತಿದ್ದೇವೆಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಆಗ ನಾನು ಎದ್ದು ನಿಂತು, ‘ನೋಡಿ, ಪ್ರೀತಿ ಬೇರೆ, ಬಾಡಿಗೆ ಬೇರೆ’ ಅಂದೆ. ಸಭೆಯ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲವೆಂದು ಬೆನ್ನು ತಟ್ಟಿದರು.

ಮಿಕ್ಕೇಲಪ್ಪ ಮೇಷ್ಟ್ರು ಮಾತ್ರ, ‘ಮುಸಲ್ಮಾನರಿಗೆ ಕೊಡಲ್ಲ ಅಂತ ನೇರವಾಗಿ ಹೇಳಿ ಕಳಿಸಿ. ಅವರು ನಮ್ಮವರಲ್ಲ, ಮುಗೀತು,’ ಅಂದರು. ‘ಛೆ ಛೆ, ನೆರೆಪ್ರೀತಿ ಮಾಸದಲ್ಲಿ ಹಾಗೆ ಮುಖಕ್ಕೆ ಹೊಡೆದಂಗೆ ಹೇಳೋದುಂಟಾ ಮೇಷ್ಟ್ರೇ!’ ಎಂದು ಎಲ್ಲರೂ ಕಿವಿ ಮುಚ್ಚಿಕೊಂಡರು. ನೋಯಿಸದ ಹಾಗೆ ಹೇಳಬೇಕು. ಲೂರ್ದಮ್ಮನ ತಂಗಿಯ ಮಗ ಕೆಲಸದ ಮೇಲೆ ಊರಿಗೆ ಬರುತ್ತಿದ್ದಾನೆ, ಮನೆ ಅವನಿಗೆ ಎಂದು ತೀರ್ಮಾನವಾಯಿತು. ಅತ್ತಿಗೆಯ ತಂಗಿಗೆ ಗಂಡುಮಕ್ಕಳಿಲ್ಲ. ಆ ಹುಡುಗನಿಗೆ ವಿನ್ಸೆಂಟ್ ಎಂದು ಹೆಸರಿಟ್ಟವನೂ ನಾನೇ.

ಮಾರನೆಯ ದಿನ ಅತ್ತಿಗೆ ಕುರಿಮಾಂಸ ಆಲೂಗಡ್ಡೆಯ ಸಾರು ಮಾಡಿ, ನೀಲಿ ಅಂಚಿನ ಬಟ್ಟಲಿಗೆ ತುಂಬಿ ಗೋಡೆಯ ಹತ್ತಿರ ಹೋದರು. ತರಬೇತಿಯಲ್ಲಿ ಕಲಿತ ಮುಗುಳ್ನಗೆಯನ್ನೂ ತೆಗೆದುಕೊಂಡು ಹೋಗಿದ್ದರು. ‘ಕೊಡೋಕೆ ನಮಗೆ ತುಂಬ ಆಸೆ ಇತ್ತು ಕಣೇ. ನಮ್ಮ ತಂಗಿ ಮಗ ವಿನ್ಸೆಂಟ್ ಬರ್ತಿದಾನೆ, ಅವನಿಗೆ ಹೇಳಾಗಿದೆ. ನಿಮ್ಮ ಮಗಳು ನಮ್ಮ ಮಗಳಿದ್ದಂಗೆ,’ ಅಂದು ಬಟ್ಟಲು ಚಾಚಿದರು. ಜೈತೂನ್‌ಬಿ ಆ ಮುಗುಳ್ನಗೆಯನ್ನು ಸ್ವಲ್ಪ ಹೊತ್ತು ನೋಡಿದರು. ಅಂಥದ್ದನ್ನು ಲೂರ್ದಮ್ಮನ ಮುಖದ ಮೇಲೆ ಅವರು ಹಿಂದೆಂದೂ ಕಂಡಿರಲಿಲ್ಲ. ಬಟ್ಟಲು ತೆಗೆದುಕೊಂಡರು, ಅಲ್ಲಿಯೇ ನಿಂತು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು, ಒಳಗೆ ಹೋದರು.

ಸಂಜೆ ಅವರು ನನ್ನ ಅಂಗಡಿಗೆ ಬಂದರು. ಅವರನ್ನು ಅಲ್ಲಿ ಕಂಡು ನನಗೇ ಆಶ್ಚರ್ಯ. ‘ಕಲ್ಲುಪ್ಪು ಕೊಡಿ ಚೌರಪ್ಪಣ್ಣ, ಒಂದು ಬಟ್ಟಲು ತುಂಬುವಷ್ಟು,’ ಅಂದರು. ಕಟ್ಟಿಕೊಟ್ಟೆ. ಕತ್ತಲಾಗುವ ಮೊದಲು ನೀಲಿ ಅಂಚಿನ ಬಟ್ಟಲು ಗೋಡೆಯ ಮೇಲೆ ಬಂದು ಕೂತಿತ್ತು. ಖಾಲಿ ಬರಬಾರದೆಂಬ ಕರಾರನ್ನು ಅವರು ಮುರಿದಿರಲಿಲ್ಲ; ಅಂಚಿನ ತನಕ ಉಪ್ಪು ತುಂಬಿತ್ತು. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದು ಅಡುಗೆಮನೆಯ ಹಲಗೆಯ ಮೇಲಿಟ್ಟರು. ಆ ಉಪ್ಪನ್ನು ಅಡುಗೆಗೆ ಮುಟ್ಟಲಿಲ್ಲ, ಬಟ್ಟಲನ್ನು ಖಾಲಿ ಮಾಡಲೂ ಇಲ್ಲ. ಅಂದಿನಿಂದ ಗೋಡೆಯ ಮೇಲೆ ಯಾವ ಬಟ್ಟಲೂ ಓಡಾಡಲಿಲ್ಲ.

ಇತ್ತ ವಿನ್ಸೆಂಟ್ ಬೆಳೆಯತೊಡಗಿದ. ಸುಳ್ಳನ್ನು ಒಬ್ಬರೇ ಸಾಕುವುದು ಕಷ್ಟವೆಂದು ಇಡೀ ಚರ್ಚು ಬೀದಿ ಕೈ ಜೋಡಿಸಿತು. ಯಾರೋ ಖಾಲಿ ಮನೆಯ ಕಿಟಕಿಗೆ ಪರದೆ ಕಟ್ಟಿದರು, ಇನ್ಯಾರೋ ಬಾಗಿಲ ಮುಂದೆ ಒಂದು ಜೊತೆ ಗಂಡಸರ ಚಪ್ಪಲಿ ಬಿಟ್ಟರು. ಬೇರೆ ಬೀದಿಯವರು ಕೇಳಿದಾಗ ಒಬ್ಬರು ಅವನಿಗೆ ವಿಮಾ ಕಚೇರಿಯಲ್ಲಿ ಕೆಲಸ ಕೊಡಿಸಿದರು, ಇನ್ನೊಬ್ಬರು ಕಾಮಾಲೆ ಬರಿಸಿ ಪ್ರಯಾಣ ಮುಂದೂಡಿದರು. ಏನೂ ತಿಳಿಯದ ಫಾದರ್, ಪಾಪ, ಭಾನುವಾರದ ಪೂಜೆಯಲ್ಲಿ ‘ಕಾಯಿಲೆಯಲ್ಲಿರುವ ಸಹೋದರ ವಿನ್ಸೆಂಟನಿಗಾಗಿ ಪ್ರಾರ್ಥಿಸೋಣ’ ಅಂದುಬಿಟ್ಟರು. ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು’ ಎಂದು ಇಡೀ ಸಭೆ ಭಕ್ತಿಯಿಂದ ಹೇಳಿತು. ಅತ್ತಿಗೆ ಮಾತ್ರ ತುಟಿ ತೆರೆಯಲಿಲ್ಲ. ನಮ್ಮ ಬೀದಿಯಲ್ಲಿ ಯಾವ ಮನೆಯ ಊಟದ ಮುಂದೆ ಕೂತರೂ ವಿನ್ಸೆಂಟನದೇ ಮಾತು, ಯಾವ ಸಾರಿಗೂ ರುಚಿಯಿಲ್ಲ. ಉಪ್ಪು ಕೈಗಾಡಿಯಲ್ಲಿ ಹೋಗತೊಡಗಿತು. ನಾನು ವಿನ್ಸೆಂಟನಿಗೆ ದೀರ್ಘಾಯುಷ್ಯ ಕೋರಿದೆ.

ಅತ್ತಿಗೆ ಸೊರಗಿದರು. ಹಿತ್ತಲಿಗೆ ಹೋದಾಗ ಗೋಡೆಯ ಕಡೆ ಬೆನ್ನು ಮಾಡಿ ಬಟ್ಟೆ ಒಗೆಯುತ್ತಿದ್ದರು. ಒಂದು ದಿನ ಗಿರಣಿಗೆ ರಾಗಿ ಬೀಸಿಸಲು ಹೋದಾಗ ರೈಹಾನಾ ಏಣಿ ಇಳಿಯುತ್ತಿದ್ದಳಂತೆ, ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಏಣಿ ಹಿಡಿಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ. ಅತ್ತಿಗೆ ಓಡಿಹೋಗಿ ಏಣಿ ಹಿಡಿದರು. ಹುಡುಗಿ ಇಳಿದು, ‘ವಿನ್ಸೆಂಟಣ್ಣ ಹುಷಾರಾದ್ರಾ ಅಮ್ಮಾ?’ ಎಂದು ಕೇಳಿದಳು. ಅವಳು ನಿಜವಾಗಿಯೂ ನಂಬಿದ್ದಳು. ಆ ದಿನ ಅತ್ತಿಗೆ ಮನೆಗೆ ಬಂದು ಊಟ ಮಾಡಲಿಲ್ಲ. ‘ಚೌರಪ್ಪ, ನನಗೆ ತಡೀತಿಲ್ಲ,’ ಅಂದರು. ತಿಂಗಳು ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಸಮಾಧಾನ ಹೇಳಿದೆ.

ತಿಂಗಳ ಕೊನೆಗೆ ಸೌಹಾರ್ದ ಭೋಜನ. ಈ ಸಲ ಫಾದರ್ ಆರೋಗ್ಯರಾಜರು ಹೊಸತನ ತಂದಿದ್ದರು. ಗಣ್ಯರ ಭಾಷಣ ಊಟದ ನಂತರ; ಮೊದಲು ಆದರ್ಶ ನೆರೆಹೊರೆಯ ಇಬ್ಬರು ಹೆಂಗಸರು ವೇದಿಕೆಯ ಮೇಲೆ ಒಂದೇ ತಟ್ಟೆಯಿಂದ ಉಣ್ಣಬೇಕು, ಅದನ್ನು ನೋಡಿ ಊರು ಉಣ್ಣಬೇಕು. ಆದರ್ಶ ನೆರೆಹೊರೆ ಯಾರೆಂದು ಯಾರನ್ನು ಕೇಳಿದರೂ ಲೂರ್ದಮ್ಮ, ಜೈತೂನ್‌ಬಿ ಅಂದಿದ್ದರು. ಜೈತೂನ್‌ಬಿ ಒಲ್ಲೆನೆಂದರೂ ವಹೀದ್ ಸಾಹೇಬರು ಬಿಡಲಿಲ್ಲ, ಸಮುದಾಯದ ಮರ್ಯಾದೆಯ ಪ್ರಶ್ನೆ ಅಂದರು. ಹಾಗೆ ಇಬ್ಬರೂ ವೇದಿಕೆಯ ಮೇಲೆ ಅಕ್ಕಪಕ್ಕ ಕೂತರು, ಒಬ್ಬರು ಬಾಗಿಲು ನೋಡುತ್ತ, ಇನ್ನೊಬ್ಬರು ಕಿಟಕಿ ನೋಡುತ್ತ. ಎಲೆಗಳ ಮೇಲೆ ಬಿರಿಯಾನಿ ಹಬೆಯಾಡುತ್ತಿತ್ತು. ಅತ್ತಿಗೆ ಹೇಳಬೇಕಾದದ್ದು ಎರಡೇ ಮಾತು, ಫಾದರೇ ಬಾಯಿಪಾಠ ಮಾಡಿಸಿದ್ದರು: ‘ಇವರ ಮನೆಯೇ ನಮ್ಮ ಮನೆ, ನಮ್ಮ ಮನೆಯೇ ಇವರ ಮನೆ.’

ಅತ್ತಿಗೆ ಎದ್ದು ನಿಂತರು. ಮೈಕಿನ ಮುಂದೆ ಬಾಯಿ ತೆರೆದರು, ಮುಚ್ಚಿದರು. ಆ ‘ಮನೆ’ ಎಂಬ ಮಾತು ಅವರ ಗಂಟಲಲ್ಲಿ ಸಿಕ್ಕಿಕೊಂಡದ್ದು ನನಗೆ ಮೂರನೆಯ ಸಾಲಿನಲ್ಲಿ ಕೂತಲ್ಲಿಗೇ ಕಂಡಿತು. ಅಣ್ಣ ಕೆಳಗಿನಿಂದ ‘ಹೇಳು, ಹೇಳು’ ಎಂದು ಕೈ ಆಡಿಸಿದ.

‘ವಿನ್ಸೆಂಟ್ ಅಂತ ಯಾರೂ ಇಲ್ಲ,’ ಅಂದರು ಅತ್ತಿಗೆ. ‘ನಮ್ಮ ತಂಗಿಗೆ ಇರೋರು ಇಬ್ಬರು ಹೆಣ್ಮಕ್ಕಳು. ಹಿತ್ತಲ ಮನೆ ಖಾಲಿ ಬಿದ್ದಿದೆ. ಜೈತೂನ ಮಗಳಿಗೆ ಕೊಡ್ಲಿಲ್ಲ, ಯಾಕಂದ್ರೆ ಅವರು ಮುಸಲ್ಮಾನರು. ಸಮಿತಿಯೋರು ಬೇಡ ಅಂದ್ರು ಅಂತ ಅವರ ತಲೆಗೆ ಕಟ್ಬೋದು. ಆದ್ರೆ ಅವರು ಬೇಡ ಅಂದಾಗ ನನಗೂ ಒಳಗೊಳಗೇ ಹಾಯ್ ಅನ್ನಿಸ್ತು.’ ಆಮೇಲೆ ಮೈಕು ಬಿಟ್ಟು ಪಕ್ಕಕ್ಕೆ ತಿರುಗಿದರು. ‘ಗೋಡೆ ಆಚೆ ನೀನಿದ್ರೆ ನನಗೆ ಪ್ರಾಣ, ಜೈತೂನಾ. ಗೋಡೆ ಈಚೆ ಬರ್ತೀನಿ ಅಂದಾಗ ಹೆದರ್ಕೊಂಡೆ. ಅದನ್ನ ನಿನ್ನ ಮುಖ ನೋಡಿ ಹೇಳೋಕಾಗ್ದೆ ಇಲ್ಲದಿರೋ ಹುಡುಗನ್ನ ಹುಟ್ಟಿಸ್ದೆ.’ ಅಷ್ಟು ಹೇಳಿ ಅತ್ತರು. ನಾನು ಎಲೆಯ ಕಡೆ ಕಣ್ಣು ತಿರುಗಿಸಿದೆ, ಸುಳ್ಳು ಹೇಳುವುದಿಲ್ಲ.

ಫಾದರ್ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿದ್ದರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಮನುಷ್ಯ ರೂಢಿಯಲ್ಲಿದ್ದದ್ದನ್ನು ಮಾಡುತ್ತಾನೆ. ಭಾಷಣ ಮುಗಿದಿತ್ತು. ನೂರಾರು ಕೈಗಳು ಒಟ್ಟಿಗೆ ಜೇಬಿಗೆ ಹೋದವು, ಸೆರಗಿನ ಗಂಟುಗಳು ಬಿಚ್ಚಿಕೊಂಡವು, ಪ್ರತಿ ಎಲೆಯ ಮೇಲೂ ವರ್ಷ ವರ್ಷದ ಹಾಗೆಯೇ ಹಿಡಿ ಹಿಡಿ ಉಪ್ಪು ಬಿತ್ತು. ಆದರೆ ಆ ದಿನ ಆ ಊಟದ ಮುಂದೆ ಯಾರೂ ಸುಳ್ಳು ಹೇಳಿರಲಿಲ್ಲ. ಮೊದಲ ತುತ್ತಿಗೇ ವಹೀದ್ ಸಾಹೇಬರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಪುರಸಭೆಯ ಅಧ್ಯಕ್ಷರು ಉಗುಳಲೂ ಆಗದೆ ನುಂಗಲೂ ಆಗದೆ ನನ್ನ ಕಡೆ ನೋಡಿದರು. ನೀರು, ನೀರು ಎಂಬ ಕೂಗೆದ್ದು, ಜನ ನಲ್ಲಿಯ ಮುಂದೆ ನೂಕಾಡಿದರು. ನಮ್ಮೂರ ನಾಲಿಗೆಗಳು ಆ ರೀತಿ ಸುಟ್ಟದ್ದು ನನಗೆ ನೆನಪಿಲ್ಲ.

ಉಪ್ಪು ಹಾಕಿಕೊಳ್ಳದೆ ಕೂತಿದ್ದವರು ವೇದಿಕೆಯ ಮೇಲಿನ ಇಬ್ಬರೇ. ಜೈತೂನ್‌ಬಿ ತಟ್ಟೆಯಿಂದ ಒಂದು ತುತ್ತು ತಿಂದರು. ‘ಹದವಾಗಿದೆ,’ ಅಂದರು. ಆಮೇಲೆ ಅವರು ಆಡಿದ ಮಾತು ಮೈಕು ಹತ್ತಿರವೇ ಇದ್ದದ್ದರಿಂದ ನಲ್ಲಿಯ ತನಕ ಕೇಳಿಸಿತು. ‘ನನ್ನ ಮಗಳು ದಿನಾ ಆ ಏಣಿ ಹತ್ತಿ ಇಳೀತಾಳೆ. ನಿನ್ನನ್ನ ಕ್ಷಮಿಸಿಬಿಟ್ಟೆ ಅಂತ ಈಗ ಹೇಳಿದ್ರೆ ಈ ತಟ್ಟೆ ಸಪ್ಪೆ ಆಗೋಗುತ್ತೆ. ಅದಕ್ಕೇ ಹೇಳಲ್ಲ.’ ಅತ್ತಿಗೆ ತಲೆಯಾಡಿಸಿದರು. ಜೈತೂನ್‌ಬಿ ಮುಂದುವರಿಸಿದರು: ‘ನನ್ನದೂ ಒಂದಿದೆ, ಕೇಳು. ನಿಮ್ಮ ಚರ್ಚಿನ ನರ್ಸಮ್ಮ ಫಿಲೋಮಿನಾ ನಮ್ಮ ಬೀದೀಲಿ ಮನೆ ಕೇಳ್ಕೊಂಡು ಬಂದಾಗ ನಮ್ಮ ಭಾವ, ಇದೇ ವಹೀದ್ ಸಾಹೇಬ್ರು, ಬಾವಿ ಬತ್ತಿದೆ ಅಂತ ಹೇಳಿ ಕಳಿಸಿದ್ರು. ಬಾವಿ ತುಂಬ ನೀರಿತ್ತು. ನಾನು ಅಲ್ಲೇ ಕೂತಿದ್ದೆ, ಸುಮ್ನಿದ್ದೆ. ಸುಮ್ನಿದ್ರೆ ಉಪ್ಪು ಹೋಗಲ್ವಲ್ಲ.’ ನೀರು ಕುಡಿಯುತ್ತಿದ್ದ ವಹೀದ್ ಸಾಹೇಬರು ಕೆಮ್ಮಿದರು. ಇಬ್ಬರೂ ಹೆಂಗಸರು ಆ ತಟ್ಟೆಯನ್ನು ಖಾಲಿ ಮಾಡಿ ಎದ್ದರು. ಆ ದಿನ ಪುರಭವನದಲ್ಲಿ ಹೊಟ್ಟೆ ತುಂಬ ಉಂಡವರು ಅವರಿಬ್ಬರೇ.

ಮರುದಿನ ಬೆಳಿಗ್ಗೆ ಅತ್ತಿಗೆ ಗೋಡೆಯ ಹತ್ತಿರ ಬೀಗದಕೈ ಹಿಡಿದು ನಿಂತರು. ಅಣ್ಣ ಒಳಗಿನಿಂದ ಕೂಗಾಡಿದ; ‘ಮನೆ ನಮ್ಮಪ್ಪ ನನಗೆ ಕೊಟ್ಟಿದ್ದು, ಸಮಿತಿ ಕೊಟ್ಟಿದ್ದಲ್ಲ’ ಅಂದರು ಅತ್ತಿಗೆ. ಅಲ್ಲಿಗೆ ಅವನ ಕೂಗು ನಿಂತಿತು. ‘ಮೊದಲೇ ಹೇಳ್ತೀನಿ ಜೈತೂನಾ, ಕ್ರಿಸ್‌ಮಸ್ಸಿಗೆ ಹಂದಿ ಬೇಯಿಸ್ತೀವಿ, ವಾಸನೆ ಹಿತ್ತಲಿಗೆ ಬರುತ್ತೆ.’ ‘ಬರ್ಲಿ, ಕಿಟಕಿ ಹಾಕ್ಕೋತಾಳೆ. ಬಕ್ರೀದ್ ಮುಂಚೆ ಅಳಿಯ ಹಿತ್ತಲಲ್ಲಿ ಕುರಿ ಕಟ್ತಾನೆ, ಅದು ರಾತ್ರಿಯೆಲ್ಲ ಅರಚುತ್ತೆ.’ ‘ನಮ್ಮನೆ ಯಜಮಾನ್ರ ಗೊರಕೆಗಿಂತಲಾ?’ ಇಬ್ಬರೂ ಸ್ವಲ್ಪ ನಕ್ಕರು. ‘ನನಗೆ ಇನ್ನೂ ಭಯ ಇದೆ ಕಣೇ,’ ಅಂದರು ಅತ್ತಿಗೆ. ‘ನನಗೂ ಇನ್ನೂ ಸಿಟ್ಟಿದೆ,’ ಅಂದರು ಜೈತೂನ್‌ಬಿ, ಬೀಗದಕೈ ತೆಗೆದುಕೊಂಡು. ನೀಲಿ ಅಂಚಿನ ಬಟ್ಟಲ ಉಪ್ಪನ್ನು ಚೆಲ್ಲಿ ತೊಳೆಯಲೇ ಎಂದು ಅತ್ತಿಗೆ ಕೇಳಿದಾಗ ಅವರು ಬೇಡವೆಂದರು. ‘ಅದು ಹಾಗೇ ಇರ್ಲಿ. ಬೇರೆ ಬಟ್ಟಲು ತಗೋ. ಈ ಊರಲ್ಲಿ ಅದು ಮತ್ತೆ ಬೇಕಾಗುತ್ತೆ.’

ಊರು ಬದಲಾಯಿತೆಂದು ಹೇಳಿದರೆ ನಿಮ್ಮ ರಾತ್ರಿಯ ಊಟ ಕೆಟ್ಟೀತು. ಸೌಹಾರ್ದ ಭೋಜನದ ಸಮಿತಿಯವರು ತುರ್ತು ಸಭೆ ಸೇರಿ, ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ಮುಂದಿನ ವರ್ಷದಿಂದ ಗಣ್ಯರ ಭಾಷಣ ಊಟಕ್ಕೆ ಮೊದಲೇ ಆಗತಕ್ಕದ್ದು ಎಂದು ಠರಾವು ಮಾಡಿದರು. ಮಿಕ್ಕೇಲಪ್ಪ ಮೇಷ್ಟ್ರು ‘ನಾನು ಆವತ್ತೇ ನೇರವಾಗಿ ಹೇಳಿ ಅಂದಿದ್ದೆ’ ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಬಂದರು. ಅತ್ತಿಗೆ ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಏನು ವ್ಯತ್ಯಾಸವೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ. ಫಾದರ್ ಮಾತ್ರ ಮುಂದಿನ ಭಾನುವಾರ ಪ್ರಬೋಧನೆಗೆ ನಿಂತು, ‘ನನಗೆ ಈ ಊರು ಗೊತ್ತಿರಲಿಲ್ಲ’ ಎಂದಷ್ಟೇ ಹೇಳಿ ಕೂತರು. ನಾನು ಕೇಳಿದ ಪ್ರಬೋಧನೆಗಳಲ್ಲೆಲ್ಲ ಅದೇ ಒಳ್ಳೆಯದು.

ರೈಹಾನಾ ಹಿತ್ತಲ ಮನೆಯಲ್ಲಿಯೇ ಹೆತ್ತಳು, ಹೆಣ್ಣುಮಗು. ಅವಳು ಕೂಗಿದಾಗ ಗೋಡೆಯಾಚೆಯಿಂದ ಜೈತೂನ್‌ಬಿ ಬರುವ ಮೊದಲೇ ಈಚೆಯಿಂದ ಅತ್ತಿಗೆ ಓಡಿದ್ದರು. ಹೆಸರಿಡುವ ದಿನ ಹಿತ್ತಲಲ್ಲಿ ಚಾಪೆ ಹಾಸಿ ಎರಡೂ ಬೀದಿಯ ಒಂದಿಷ್ಟು ಜನರಿಗೆ ಊಟ. ನನ್ನನ್ನೂ ಕರೆದಿದ್ದರು. ಮಗುವನ್ನು ನೋಡಿ ‘ಮೂಗು ಅಜ್ಜನದು, ದೊಡ್ಡವಳಾದ ಮೇಲೆ ಸರಿಹೋಗ್ಬೋದು’ ಅಂದರು ಅತ್ತಿಗೆ, ರೈಹಾನಾ ನಕ್ಕಳು. ಬಿರಿಯಾನಿಯ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪು, ಖಾರ, ಎಲ್ಲ ಹದವಾಗಿತ್ತು. ನನ್ನ ಕೈ ಜೇಬಿನ ಡಬ್ಬಿಯನ್ನು ಬಿಟ್ಟು ಹೊರಗೆ ಬಂತು. ಇಂಥ ಊಟ ಉಂಡು ಎಷ್ಟು ಕಾಲವಾಗಿತ್ತೋ ಅನ್ನಿಸಿತು.

ಆಗ ಜೈತೂನ್‌ಬಿ ಇನ್ನೊಂದು ಸೌಟು ಬಡಿಸುತ್ತ ಕೇಳಿದರು. ‘ಚೌರಪ್ಪಣ್ಣ, ಪ್ರೀತಿ ಬೇರೆ ಬಾಡಿಗೆ ಬೇರೆ ಅಂತ ನಿಮ್ಮ ಸಮಿತೀಲಿ ಯಾರೋ ಹೇಳಿದ್ರಂತಲ್ಲ. ಯಾರು ಅವರು?’

ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಿಜ ಹೇಳಿದ್ದರೆ ಬಹುಶಃ ಬೈದು, ಇನ್ನೊಂದು ತುಂಡು ಹಾಕುತ್ತಿದ್ದರು. ‘ಯಾರೋ ಅಂದ್ರಮ್ಮ, ಗಲಾಟೇಲಿ ಗೊತ್ತಾಗ್ಲಿಲ್ಲ,’ ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ‘ನಾನಂತೂ ಆವತ್ತು ಮನೆ ಕೊಡ್ಲೇಬೇಕು ಅಂತ ವಾದ ಮಾಡ್ದೆ.’

ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಅತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ಬಂದರು. ನೀಲಿ ಅಂಚಿನ ಬಟ್ಟಲನ್ನು ನನ್ನ ಎಲೆಯ ಪಕ್ಕದಲ್ಲಿಟ್ಟರು.

‘ಹಾಕ್ಕೊಳ್ಳಿ ಚೌರಪ್ಪಣ್ಣ, ನಿಮ್ಮಂಗಡೀದೇ,’ ಅಂದರು ಜೈತೂನ್‌ಬಿ.

ಆ ಹೊತ್ತಿನಲ್ಲಿ ಯಾರೂ ಯಾರ ಮುಖವನ್ನೂ ನೋಡಬಾರದು ಎಂಬುದು ನಮ್ಮೂರ ಸಂಸ್ಕಾರ ಎಂದು ಮೊದಲೇ ಹೇಳಿದ್ದೆನಲ್ಲ. ಆ ಹಿತ್ತಲಲ್ಲಿ ಎಲ್ಲರೂ ನೋಡುತ್ತಿದ್ದರು.